ಬೈತಲೆಗೊಂದು ಕಾರಣ

ಇದನ್ನು ಹೇಳಹೊರಟದ್ದೇ ಅತಿಯಾಯಿತೇನೋ. ಒಬ್ಬ ಹೆಂಗಸಿನ ಕೂದಲು ಉದುರಿದ್ದು ಕತೆಯಾಗುವಷ್ಟು ದೊಡ್ಡ ಸಂಗತಿಯಲ್ಲ. ಯಾರೂ ಸಾಯಲಿಲ್ಲ, ಯಾರೂ ಮನೆ ಬಿಟ್ಟು ಹೋಗಲಿಲ್ಲ. ತಿಳಿದವರಾದರೆ ಇದನ್ನು ಇನ್ನೂ ಸರಿಯಾಗಿ ಹೇಳಿಯಾರು, ಅಥವಾ ಹೇಳದೆ ಬಿಟ್ಟಾರು. ತಪ್ಪಿದ್ದರೆ ಮನ್ನಿಸಬೇಕು. ಆದರೆ ವೃಂದಾ ಆ ದಿನ ಡಾಕ್ಟರ ಮುಂದೆ ಒಂದು ಸುಳ್ಳು ಹೇಳಿದಳು. ಅದರಿಂದ ಆದದ್ದನ್ನು ಮುಚ್ಚಿಟ್ಟರೆ ಅದು ಎರಡನೆಯ ಸುಳ್ಳಾಗುತ್ತದೆ ಎಂಬ ಅಳುಕು ಬಿಡುತ್ತಿಲ್ಲ.

ಅಣ್ಣಾ ನಗರದ ಆ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಯ ಕುರ್ಚಿಗೆ ಎದುರಾಗಿ ಒಂದು ಟಿ.ವಿ. ಇತ್ತು. ಡಾಕ್ಟರು ಇನ್ನೂ ಮೂವತ್ತು ದಾಟಿರದ ತಮಿಳು ಹೆಣ್ಣುಮಗಳು. ತುದಿಯಲ್ಲಿ ದೀಪವಿದ್ದ ಒಂದು ಸಣ್ಣ ಕೊಳವೆಯನ್ನು ಅವರು ಬೈತಲೆಯ ಮೇಲೆ ಇಟ್ಟ ಕೂಡಲೇ ವೃಂದಾಳ ನೆತ್ತಿ ಟಿ.ವಿ. ತುಂಬ ಹರಡಿಕೊಂಡಿತು. ನಲವತ್ತಮೂರು ವರ್ಷ ಹೊತ್ತುಕೊಂಡು ತಿರುಗಿದ ತಲೆಯನ್ನು ಅವಳು ಮೇಲಿನಿಂದ ನೋಡಿದ್ದು ಅದೇ ಮೊದಲು. ಬೆಳ್ಳಗೆ, ಎಣ್ಣೆಮಿಂಚಿನ, ಅಲ್ಲೊಂದು ಇಲ್ಲೊಂದು ಕೂದಲಿನ ಆ ಬಯಲು ತನ್ನದೆಂದು ಒಪ್ಪಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು. ಪಕ್ಕದ ಸ್ಟೂಲಿನಲ್ಲಿದ್ದ ಅತ್ತೆ ಜಯಲಕ್ಷ್ಮಿ ಕನ್ನಡಕ ಸರಿಪಡಿಸಿಕೊಂಡು, ಬೆಳಿಗ್ಗೆ ಪ್ರವಚನ ನೋಡುವಷ್ಟೇ ಶ್ರದ್ಧೆಯಿಂದ ಸೊಸೆಯ ನೆತ್ತಿಯನ್ನು ನೋಡತೊಡಗಿದರು. 'ನೀನು ಒಬ್ಬಳೇ ಹೋದ್ರೆ ಡಾಕ್ಟರು ಹೇಳಿದ್ದರಲ್ಲಿ ಅರ್ಧ ಮರೆತು ಬರ್ತಿ ಮಾ, ಇನ್ನರ್ಧ ಮುಚ್ಚಿಡ್ತಿ' ಎಂದು ಹೇಳಿ ಆಟೋ ಹತ್ತಿದವರು ಅವರು. ಕೂದಲು ತೆಳ್ಳಗಾದದ್ದಕ್ಕಿಂತ ಅದನ್ನು ಹೀಗೆ ಇಬ್ಬರು ಕೂತು ನೋಡುತ್ತಿರುವುದೇ ವೃಂದಾಗೆ ಸಹಿಸದಾಯಿತು. ಸೀರೆ ಜಾರಿದರೆ ಎಳೆದುಕೊಳ್ಳಬಹುದು; ನೆತ್ತಿಯ ಮೇಲೆ ಎಳೆದುಕೊಳ್ಳಲು ಏನಿದೆ.

ಡಾಕ್ಟರು ಒಂದು ಹಿಡಿ ಕೂದಲನ್ನು ಬೆರಳ ಸಂದಿಯಲ್ಲಿ ಹಿಡಿದು ಮೆತ್ತಗೆ ಎಳೆದು, ಕೈಗೆ ಬಂದ ಎಳೆಗಳನ್ನು ಬಿಳಿ ಕಾಗದದ ಮೇಲೆ ಇಟ್ಟುಕೊಂಡು, ಕೇಳಲು ಶುರುಮಾಡಿದರು. ಜ್ವರ ಬಂದಿತ್ತಾ? ಬಂದಿತ್ತು, ಮೇ ತಿಂಗಳಲ್ಲಿ, ಹತ್ತು ದಿನ. ಥೈರಾಯ್ಡ್ ಮನೆಯಲ್ಲಿ ಯಾರಿಗಾದರೂ? ಚಿಕ್ಕಮ್ಮನಿಗೆ. ಮಾತ್ರೆ? ಇಲ್ಲ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದಾ? ಅತ್ತೆಯ ಮುಂದೆ ವೃಂದಾ ತಲೆ ಮಾತ್ರ ಅಲ್ಲಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಬಿಗಿಯಾಗಿ ಜಡೆ ಹೆಣೆಯುತ್ತಿದ್ದಿರಾ ಎಂದಾಗ ಅಮ್ಮನ ಮೊಣಕಾಲು ಬೆನ್ನಿಗೆ ಒತ್ತಿದಂತಾಯಿತು. ಸಂಜೆ ಕಾಲೇಜಿಗೆ ಹೋಗುವ ಮುಂಚೆ, ಹಗಲೆಲ್ಲ ಟೈಪ್ ಮಾಡಿ ಬಂದ ಮಗಳನ್ನು ಕೆಳಗೆ ಕೂರಿಸಿಕೊಂಡು, ಹುಬ್ಬು ಮೇಲೇಳುವಷ್ಟು ಬಿಗಿಯಾಗಿ ಅಮ್ಮ ಹೆಣೆಯುತ್ತಿದ್ದಳು. ಬಿಗಿದಷ್ಟೂ ಉದ್ದ ಬೆಳೆಯುತ್ತದೆಂಬ ನಂಬಿಕೆ ಅವಳದು. ಆ ನೋವಿನಲ್ಲೇ ವೃಂದಾ ಹಿಂದಿನ ಬೆಂಚಿನಲ್ಲಿ ಕೂತು ಕಾಸ್ಟಿಂಗ್ ಲೆಕ್ಕ ಕಲಿತದ್ದು. ಈಗ ಆ ಅಮ್ಮನನ್ನೂ ಈ ಪಟ್ಟಿಯಲ್ಲಿ ಸೇರಿಸಬೇಕೆ? ಪ್ರತಿ ಪ್ರಶ್ನೆಯ ಬಾಲದಲ್ಲಿ ಇನ್ನೊಂದು ಪ್ರಶ್ನೆ ಇದ್ದಂತೆ ಅವಳಿಗೆ ಕೇಳುತ್ತಿತ್ತು: ನೀನೇನು ಮಾಡಿದೆ, ನಿಮ್ಮವರೇನು ಮಾಡಿದರು. ಗಂಡ ಕೌಶಿಕನ ತಲೆ ಮೂವತ್ತೈದಕ್ಕೇ ಬೋಳಾಯಿತು. ಅದಕ್ಕೆ ಯಾರೂ ಕಾರಣ ಕೇಳಲಿಲ್ಲ. ಅಪ್ಪನ ತಲೆ ಬಂದಿದೆ ಎಂದರು, ನಕ್ಕರು, ಮುಗಿಯಿತು.

'ವಿರದಂ ಎಲ್ಲಾಂ ಇರುಪ್ಪೀಂಗಳಾ ಮಾ?' ಎಂದರು ಡಾಕ್ಟರು. ವ್ರತ, ಉಪವಾಸ ಎಲ್ಲ ಮಾಡುತ್ತೀರಾ.

'ಆಮಾ' ಎಂದಳು ವೃಂದಾ. ಹೌದು.

ಅದೇ ಸುಳ್ಳು. ನಾಲಿಗೆ ತಾನಾಗಿ ಹೇಳಿಬಿಟ್ಟಿತು. ಉಳಿದದ್ದನ್ನು ಜಯಲಕ್ಷ್ಮಿಯವರೇ ಹೆಮ್ಮೆಯಿಂದ ತಮಿಳಿನಲ್ಲಿ ತುಂಬಿದರು. ತಿಂಗಳಿಗೆರಡು ಏಕಾದಶಿ, ನೀರೂ ಇಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ. ಈಗ ನಡೆಯುತ್ತಿರುವುದು ದ್ವಿದಳ. ಎರಡು ಹೋಳಾಗುವ ಯಾವ ಕಾಳೂ ಒಲೆಯ ಹತ್ತಿರ ಬರುವಂತಿಲ್ಲ. 'ಇವಳು ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷ. ಆಫೀಸಿಗೆ ಹೋದ್ರೂ ಒಂದು ದಿನ ತಪ್ಪಿಸಿಲ್ಲ' ಎಂದು ಕೊನೆಗೆ ಕನ್ನಡದಲ್ಲೇ ಹೇಳಿ, ಮತ್ತೆ ನೆನಪಾಗಿ ಅದನ್ನೂ ತಮಿಳಿಗೆ ತಿರುಗಿಸಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. 'ಪರುಪ್ಪೇ ಕಿಡೆಯಾದಾ? ಒರು ಮಾಸಮಾ?' ಬೇಳೆಯೇ ಇಲ್ಲವಾ, ಒಂದು ತಿಂಗಳಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆನ್ನೆತ್ತಿಕೊಂಡರು. ರಕ್ತಪರೀಕ್ಷೆಗೆ ಬರೆದಿದ್ದೇನೆ, ಆದರೆ ಬಹುಮಟ್ಟಿಗೆ ಇದೇ ಇರಬೇಕು, ಕೂದಲಿಗೂ ಊಟ ಬೇಕಲ್ಲಮ್ಮ ಎಂದರು. ಚೀಟಿಯ ತಲೆಯಲ್ಲಿ ಉಪವಾಸ ನಿಲ್ಲಿಸಬೇಕೆಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ಜಯಲಕ್ಷ್ಮಿಯವರು ಆ ಎರಡು ಗೆರೆಗಳನ್ನೇ ನೋಡುತ್ತ ಕೂತರು.

ಆಟೋದಲ್ಲಿ ಅವರು ಮಾತಾಡಲಿಲ್ಲ. ಮಾತಾಡದೆ ಇರುವುದು ಅವರಿಗೆ ಬರುವುದಿಲ್ಲ. ಹೂವಿನವಳೊಡನೆ, ಲಿಫ್ಟಿನಲ್ಲಿ ಬಂದ ಕೊರಿಯರಿನವನೊಡನೆ, ಕೊನೆಗೆ ಕುಕ್ಕರಿನೊಡನೆಯೂ ಮಾತಾಡುವವರು. ಈಗ ಕೈಚೀಲವನ್ನು ಮಡಿಲಲ್ಲಿ ಒತ್ತಿಕೊಂಡು ರಸ್ತೆ ನೋಡುತ್ತಿದ್ದರು. ವೃಂದಾ ಮೊದಲ ಸಿಗ್ನಲ್ಲಿನಲ್ಲಿ ಹೇಳಿಬಿಡುತ್ತೇನೆ ಅಂದುಕೊಂಡಳು. ಹಸಿರು ಬಿತ್ತು. ಎರಡನೆಯದರಲ್ಲಿ ಪಕ್ಕಕ್ಕೆ ಬಸ್ಸು ಬಂದು ನಿಂತು ಏನೂ ಕೇಳಿಸದಾಯಿತು. ಹೇಳುವುದಾದರೂ ಏನು? ಎರಡು ವರ್ಷದ ಹಿಂದೆ, ಇದೇ ದ್ವಿದಳದ ತಿಂಗಳಲ್ಲಿ, ಶೋಳಿಂಗನಲ್ಲೂರಿನ ಆಫೀಸ್ ಕ್ಯಾಂಟೀನಿನಲ್ಲಿ, ಡಬ್ಬಿಯಲ್ಲಿದ್ದ ಮೆಣಸಿನ ಸಾರಿನ ಅನ್ನ ಬಿಟ್ಟು ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದೇ? ಯಾರೂ ಒತ್ತಾಯ ಮಾಡಿರಲಿಲ್ಲ, ಕಾಯಿಲೆಯಿರಲಿಲ್ಲ, ನಂಬಿಕೆ ಕುಸಿದು ಬಿದ್ದ ದೊಡ್ಡ ಗಳಿಗೆಯೂ ಅದಾಗಿರಲಿಲ್ಲ. ಸಾಂಬಾರಿನ ವಾಸನೆ ಬಂತು, ಹಸಿವಾಗಿತ್ತು, ತಿಂದಳು. ಸೌಟಿನವನು 'ಇನ್ನೂ ಕೊಂಚ ಅಕ್ಕಾ?' ಎಂದ, ಹಾಕು ಎಂದಳು. ಏನೂ ಆಗಲಿಲ್ಲ. ಮರುದಿನವೂ ತಿಂದಳು. ಏಕಾದಶಿಗೆ ಪೊಂಗಲ್, ಕಾಫಿ. ಬೇಸರವಾಗುತ್ತಿದ್ದುದು ತಿಂದದ್ದಕ್ಕಲ್ಲ. ದ್ವಾದಶಿಯ ಬೆಳಿಗ್ಗೆ, ಇನ್ನೂ ಬೆಳಕು ಹರಿಯದಿದ್ದಾಗ, ಇಡೀ ದಿನ ಒಣಗಿದ ಅತ್ತೆಯ ಎದುರು ಪಾರಣೆಗೆ ಕೂತು ತಾನೂ ಹಸಿದವಳಂತೆ ಬೇಗಬೇಗ ತುತ್ತು ನುಂಗಬೇಕಾಗುತ್ತಿತ್ತಲ್ಲ, ಅದಕ್ಕೆ. 'ಪಾಪ, ಎಷ್ಟು ಹಸಿದಿದ್ದಾಳೆ ನೋಡು' ಎಂದು ಅವರು ತುಪ್ಪ ಹಾಕುತ್ತಿದ್ದರು.

ಮನೆಯಲ್ಲಿ ಅಷ್ಟರೊಳಗೆ ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. ಕೌಶಿಕನಿಗೆ ನೀರು; ಲಾರಿ ನೀರು ಬಂದ ಮೇಲೇ ಶುರುವಾದದ್ದು ಎಂದು ಅವನು ಶವರಿಗೆ ಫಿಲ್ಟರು ಹಾಕಿಸಿದ. ಹದಿನೇಳರ ಮಗಳು ವಿಭಾ ಮೊಬೈಲಿನಿಂದ ಕಣ್ಣೆತ್ತದೆ 'ಸ್ಟ್ರೆಸ್ ಮಾ. ವಿಡು', ಬಿಟ್ಟುಬಿಡು ಎಂದು ತಮಿಳಿನಲ್ಲಿ ತೀರ್ಪು ಕೊಟ್ಟಳು. ಕೆಳಗಿನ ಮನೆಯ ಲೀಲಮ್ಮ, ವೃಂದಾ ಯಾರದೋ ಮದುವೆಗೆಂದು ಒಂದು ಸಲ ಕೂದಲು ನೇರ ಮಾಡಿಸಿಕೊಂಡದ್ದನ್ನು ನೆನಪಿಸಿ, 'ನಾನು ಅವತ್ತೇ ಅಂದುಕೊಂಡೆ' ಎಂದರು. ವೃಂದಾ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅದು ಅವಳ ಕೆಲಸದಿಂದ ಬಂದ ಚಾಳಿ. ಕಂಪನಿಯ ಯಾವುದಾದರೂ ಸಿಸ್ಟಮ್ ನಿಂತುಹೋದರೆ ಯಾಕೆ ನಿಂತಿತೆಂಬ ವರದಿ ತುಂಬುವವಳು ಅವಳು. ಆ ಫಾರಂನಲ್ಲಿ ಮೂಲ ಕಾರಣ ಎಂಬ ಕಲಮನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಕೊಟ್ಟ ಪಟ್ಟಿಯಲ್ಲಿ ಗೊತ್ತಿಲ್ಲ ಎಂಬ ಆಯ್ಕೆಯಿಲ್ಲ. ನಿಜವಾಗಿ ತಿಳಿಯದೇ ಹೋದಾಗ ಎಲ್ಲರೂ ಒತ್ತುವುದು ಮನುಷ್ಯನ ತಪ್ಪು ಎಂಬುದನ್ನು. ಅದನ್ನು ಒತ್ತಿದರೆ ಫಾರಂ ತಕ್ಷಣ ಮುಚ್ಚಿಕೊಳ್ಳುತ್ತದೆ. ಆ ಮನುಷ್ಯ ಯಾರೆಂದು ಮುಂದಿನ ಮೀಟಿಂಗಿನವರೆಗೆ ಯಾರೂ ಕೇಳುವುದಿಲ್ಲ. ತಾನೂ ಎಷ್ಟೋ ಸಲ ಒತ್ತಿದ್ದಾಳೆ. ಒಮ್ಮೆ ಹಾಗೆ ಒತ್ತಿದ್ದರಿಂದ ಅಭಿಲಾಷ್ ಎಂಬ ಹೊಸಬನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದರು. ಅವನು ತಪ್ಪು ಮಾಡಿದ್ದನೋ ಇಲ್ಲವೋ, ಅವಳಿಗೆ ಇವತ್ತಿಗೂ ತಿಳಿಯದು.

ಎರಡು ದಿನ ಬಿಟ್ಟು ಆಫೀಸಿನ ಕ್ಯಾಬ್ ಇಳಿದು ಮನೆಯೊಳಗೆ ಬರುವಾಗ ಅತ್ತೆ ಫೋನಿನಲ್ಲಿದ್ದರು. ಆ ಕಡೆ ಮನೆಯ ಪುರೋಹಿತರು, ಸುಶಮೀಂದ್ರಾಚಾರ್ಯರು. ಅತ್ತೆಗೆ ಕಿವಿ ಮಂದವಾದ್ದರಿಂದ ಫೋನು ಸ್ಪೀಕರಿನಲ್ಲೇ ಇರುತ್ತಿತ್ತು.

'ವೈದ್ಯರು ಬೇಡ ಅಂದ ಮೇಲೆ ಬಿಡಬಹುದು ಅಮ್ಮ. ಅಶಕ್ತರಿಗೆ ವಿನಾಯಿತಿ ಉಂಟು. ನೀವೇನು ಗಾಬರಿಯಾಗಬೇಡಿ.'

'ಅವಳಿಗೆ ಸರಿ ಆಚಾರೇ. ಇಷ್ಟು ವರ್ಷ ಮಾಡಿಸಿದೆನಲ್ಲ, ನನಗೆ? ಅವಳು ಬಾಯಿಬಿಟ್ಟು ಬೇಡ ಅಂತ ಹೇಳೋ ಹುಡುಗಿಯಲ್ಲ. ನಾನೇ ನೋಡಿ ಬಿಡಿಸಬೇಕಾಗಿತ್ತು. ಅದಕ್ಕೇನಾದರೂ ಪ್ರಾಯಶ್ಚಿತ್ತ ಇದೆಯೋ?'

ಆಚಾರ್ಯರು ಏನು ಹೇಳಿದರೋ, ವೃಂದಾ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕನ್ನಡಿಯಲ್ಲಿ ಬೈತಲೆ ನೋಡಿದಳು. ಮಗಳ ಕಣ್ಣುಕಪ್ಪಿನ ಪೆನ್ಸಿಲಿನಿಂದ ಅದನ್ನು ತುಂಬುವುದನ್ನು ಅವಳು ಈಚೆಗೆ ಕಲಿತಿದ್ದಳು; ಬೆವರಿಗೆ ಅದು ಕರಗಿ ಹಣೆಗಿಳಿದು, ಕ್ಯಾಬಿನಲ್ಲಿ ಪಕ್ಕದವಳು ಏನೂ ಹೇಳದೆ ಟಿಶ್ಯೂ ಕೊಟ್ಟಿದ್ದಳು. ಅತ್ತೆ ಈಗ ಬೇಡುತ್ತಿರುವ ಪ್ರಾಯಶ್ಚಿತ್ತ ತಾನು ಮಾಡದ ವ್ರತಕ್ಕೆ. ತಾನು ಸುಮ್ಮನಿದ್ದರೆ ಎಲ್ಲರಿಗೂ ಅನುಕೂಲ. ವ್ರತ ಬಿಡಲು ಡಾಕ್ಟರ ಚೀಟಿಯೇ ಸಿಕ್ಕಿದೆ. ಇನ್ನು ದ್ವಾದಶಿಯ ನಾಟಕವಿಲ್ಲ, ಕಳ್ಳತನವಿಲ್ಲ. ಇದಕ್ಕಿಂತ ಹೆಚ್ಚೇನು ಬೇಕು ಎಂದು ಅವಳ ಒಳಗಿನ ಬುದ್ಧಿವಂತೆ ಹೇಳಿದಳು. ಎಪ್ಪತ್ತೆರಡು ವರ್ಷದ ಒಬ್ಬ ಮುದುಕಿ ತನ್ನ ದೇವರನ್ನೇ ಅನುಮಾನಿಸುತ್ತ ಸಾಯಬೇಕು, ಅಷ್ಟೇ ತಾನೆ.

ಭಾನುವಾರ ಬೆಳಿಗ್ಗೆ ಏಳುವಾಗ ಮನೆಯಲ್ಲಿ ತೊಗರಿಬೇಳೆ ಬೇಯುವ ವಾಸನೆ. ಈ ತಿಂಗಳಲ್ಲಿ ಈ ಮನೆಯಲ್ಲಿ ಎಂದೂ ಇರದ ವಾಸನೆ ಅದು. ವೃಂದಾಗೆ ಮೊದಲು ಪಕ್ಕದ ಫ್ಲ್ಯಾಟಿನದೆನಿಸಿತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಮೇಲೆ ಹೊಸ ಇಂಡಕ್ಷನ್ ಒಲೆ, ಅದರ ಮೇಲೆ ಹೊಸ ಪಾತ್ರೆ, ಎದುರಿಗೆ ಅತ್ತೆ. ಮಡಿ ಅಡುಗೆಗೆ ತಾಗದಂತೆ ಎಲ್ಲವನ್ನೂ ಬೇರೆ ತರಿಸಿಕೊಂಡಿದ್ದರು. ಕೌಶಿಕ ನಿನ್ನೆ ತಂದ ಪೊಟ್ಟಣ ಇದೇ ಇರಬೇಕು. ನುಗ್ಗೆಕಾಯಿ ಹಾಕಿದ ಹುಳಿ ಕುದಿಯುತ್ತಿತ್ತು. ಅದನ್ನು ತಿರುವುತ್ತಿದ್ದ ಕೈ ಅದನ್ನು ಮುಟ್ಟಲೊಲ್ಲದಂತೆ ಸೌಟಿನ ತುತ್ತತುದಿಯನ್ನು ಹಿಡಿದಿತ್ತು. ಅವರ ಕಣ್ಣು ಕೆಂಪಾಗಿತ್ತು. ಹಸಿಮೆಣಸಿನ ಘಾಟೆಂದು ಹೇಳಬಹುದಾದಷ್ಟೇ.

'ಕೂತ್ಕೋ. ಬಿಸಿ ಇರುವಾಗಲೇ ತಿನ್ನು.'

'ನೀವ್ಯಾಕೆ ಮಾಡಿದಿರಿ ಅತ್ತೆ?'

'ಮತ್ತೆ ಯಾರು ಮಾಡ್ತಾರೆ? ನಿನ್ನ ಕೂದಲು ತಿಂದವಳು ನಾನು. ನಾನೇ ಮಾಡ್ಬೇಕು.'

ವೃಂದಾ ಕೂರಲಿಲ್ಲ. ಹೇಳಬೇಕಾದ ಮಾತನ್ನು ಎರಡು ರಾತ್ರಿ ಬಾಯಿಪಾಠ ಮಾಡಿದ್ದಳು. ಕ್ಷಮಿಸಿ ಎಂದು ಶುರುವಾಗುತ್ತಿತ್ತು ಅದು. ಈಗ ಆ ಮೊದಲ ಪದವೇ ಬೇಡವೆನಿಸಿತು.

'ನಾನು ವ್ರತ ಮಾಡ್ತಾ ಇಲ್ಲ. ಎರಡು ವರ್ಷದಿಂದ ಇಲ್ಲ. ಆಫೀಸಿನಲ್ಲಿ ತಿಂತೇನೆ. ಬೇಳೆ ತಿಂದೆ, ಏಕಾದಶಿಗೆ ಪೊಂಗಲ್ ತಿಂದೆ. ಡಾಕ್ಟರ ಹತ್ತಿರ ನಿಮ್ಮ ಮುಂದೆ ಸುಳ್ಳು ಹೇಳಿದೆ. ನನ್ನ ಕೂದಲನ್ನು ನೀವೂ ತಿಂದಿಲ್ಲ, ನಿಮ್ಮ ವ್ರತವೂ ತಿಂದಿಲ್ಲ.'

ಜಯಲಕ್ಷ್ಮಿಯವರು ಒಲೆಯ ಗುಂಡಿಯನ್ನು ಹುಡುಕಿ ಒತ್ತಿದರು. ಅದು ಆರಲಿಲ್ಲ. ಮತ್ತೊಮ್ಮೆ ಒತ್ತಿದರು. ಹುಳಿ ಕುದಿಯುವುದು ನಿಂತ ಮೇಲೆ ಕೆಳಗಿನ ರಸ್ತೆಯ ಬಸ್ಸಿನ ಸದ್ದು ಕೇಳಿಸಿತು.

'ದ್ವಾದಶಿಗೆ ಅಷ್ಟು ಬೇಗಬೇಗ ತಿಂತಿದ್ದಿ.'

'ನಾಟಕ.'

'ನಾನು ತುಪ್ಪ ಬೇರೆ ಹಾಕ್ತಿದ್ದೆ' ಎಂದು ಅವರು, ಯಾರಿಗೋ ದೂರು ಹೇಳುವಂತೆ, ವಾಷಿಂಗ್ ಮಷೀನಿಗೆ ಹೇಳಿದರು. ಆಮೇಲೆ ಮೆಲ್ಲಗೆ, 'ಹಾಗಾದ್ರೆ ಅದಕ್ಕೇ ಉದುರಿದ್ದು' ಎಂದರು.

ಇದನ್ನು ವೃಂದಾ ಎದುರುನೋಡಿದ್ದಳು. ಮಾಡಿದರೆ ಮಾಡಿದ್ದಕ್ಕೆ, ಬಿಟ್ಟರೆ ಬಿಟ್ಟಿದ್ದಕ್ಕೆ. ಎದುರುನೋಡಿದ್ದರೂ ಅದು ಕಿವಿಗೆ ಬಿದ್ದಾಗ ನೆತ್ತಿಯವರೆಗೆ ಬಿಸಿಯೇರಿತು. ಆಮೇಲೆ ಅವಳು ಹೇಳಿದ ಮಾತು ಬಾಯಿಪಾಠದಲ್ಲಿ ಇರಲಿಲ್ಲ.

'ನೀವು ಒಂದು ದಿನವೂ ಬಿಟ್ಟಿಲ್ಲವಲ್ಲ ಅತ್ತೆ. ನಿಮ್ಮ ಕೂದಲು ಎಲ್ಲಿ ಹೋಯಿತು? ಆ ಗಂಟಿನೊಳಗೆ ಇರುವುದು ಚೌರಿ ತಾನೆ?'

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು, ತೊಳೆದ ಚೌರಿಯನ್ನು ಅವರು ಟವೆಲಿನ ಅಡಿಯಲ್ಲಿ ಒಣಹಾಕುವುದನ್ನು ನೋಡಿಯೂ ನೋಡದಂತಿದ್ದವಳು. ಮನೆಯ ಒಬ್ಬರೂ ಆ ಪದವನ್ನು ಎಂದೂ ಉಚ್ಚರಿಸಿರಲಿಲ್ಲ. ಆದರೆ ನಾಲಿಗೆ ಕಚ್ಚಿಕೊಳ್ಳಲಿಲ್ಲ. ಕಣ್ಣನ್ನೂ ತಗ್ಗಿಸಲಿಲ್ಲ. ಕೇಳಬಾರದ್ದೇನೋ ಹೌದು, ಸುಳ್ಳಂತೂ ಅಲ್ಲ.

ಜಯಲಕ್ಷ್ಮಿಯವರು ಸ್ಟೂಲಿನ ಮೇಲೆ ಕೂತರು. ಆಮೇಲೆ ಹಿಂದಕ್ಕೆ ಕೈಹಾಕಿ ಒಂದೊಂದೇ ಪಿನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಚೌರಿ ಕೈಗೆ ಬಂತು. ಉಳಿದದ್ದು ಹೆಬ್ಬೆರಳಿನಷ್ಟು ಸಣ್ಣದೊಂದು ಗಂಟು.

'ಮೂವತ್ತೆಂಟಕ್ಕೆ ಶುರುವಾದದ್ದು' ಎಂದರು. 'ಆವಾಗ ತಿರುವಲ್ಲಿಕ್ಕೇಣಿಯಲ್ಲಿ ಇದ್ವಿ, ಹದಿನಾಲ್ಕು ಜನ. ಒಂದು ಏಕಾದಶಿ ದಿನ ನನ್ನ ಅತ್ತೆ ಎಲ್ಲರ ಮುಂದೆ ಹೇಳಿದರು, ಇವಳು ಕದ್ದು ತಿಂತಾಳೆ, ಅದಕ್ಕೇ ತಲೆ ಬೋಳಾಗ್ತಾ ಇದೆ ಅಂತ. ನಾನು ತಿಂದಿರಲಿಲ್ಲ. ರಾಯರ ಆಣೆ, ಒಂದು ಅಗುಳು ತಿಂದಿರಲಿಲ್ಲ. ನಿನ್ನ ಮಾವ ಅಲ್ಲೇ ನಿಂತಿದ್ದರು. ಪೇಪರು ಓದ್ತಿದ್ದರು.'

'ನೀವೇನಂದಿರಿ?'

'ಏನಂತ ಹೇಳೋದು? ಮುಂದಿನ ಏಕಾದಶಿಯಿಂದ ನೀರೂ ಬಿಟ್ಟೆ. ನೋಡಲಿ ಅಂತ. ಮೂವತ್ತನಾಲ್ಕು ವರ್ಷ ಆಯ್ತು. ಅತ್ತೆ ಹೋಗಿಯೇ ಹದಿನೆಂಟು ವರ್ಷ. ಯಾರಿಗೆ ತೋರಿಸ್ತಿದ್ದೇನೋ ನನಗೇ ಗೊತ್ತಿಲ್ಲ.'

ವೃಂದಾ ನೆಲದ ಮೇಲೆ, ಬಟ್ಟೆಯ ಬುಟ್ಟಿಯ ಪಕ್ಕ ಕೂತಳು. ಅತ್ತೆಯ ಭಕ್ತಿ ಎಂದು ತಾನು ಹೆದರಿದ್ದು, ಒಳಗೊಳಗೇ ಗೇಲಿ ಮಾಡಿದ್ದು, ಹಟವೂ ಆಗಿತ್ತೆಂದು ತಿಳಿದು ಅವಳಿಗೆ ನಾಚಿಕೆಯಾಯಿತು. ಆ ಹಟ ಇಷ್ಟವೂ ಆಯಿತು. ತಾನು ತಿಂದು ತೋರಿಸಲಾರದ್ದನ್ನು ಅವರು ಬಿಟ್ಟು ತೋರಿಸುತ್ತಿದ್ದರು. ನೋಡಬೇಕಾದವರು ಮಾತ್ರ ಯಾರೂ ಇರಲಿಲ್ಲ.

'ಹಾಗಾದ್ರೆ ಇನ್ನು ಬಿಡ್ತೀರಾ?' ಎಂದಳು.

'ನಾನ್ಯಾಕೆ ಬಿಡ್ಲಿ? ಈಗ ಅದು ನನ್ನದು.' ಅವರು ಮೂಗು ಒರೆಸಿಕೊಂಡರು. 'ನೀನು ತಿನ್ನು. ಕದ್ದು ಮಾತ್ರ ತಿನ್ನಬೇಡ. ನಮ್ಮ ಮನೆಯಲ್ಲಿ ಕದ್ದು ತಿಂದ ಹೆಸರು ನನಗೊಬ್ಬಳಿಗೆ ಸಾಕು.' ಸ್ವಲ್ಪ ತಡೆದು, 'ಕ್ಯಾಂಟೀನಿನ ಸಾಂಬಾರು ಇದಕ್ಕಿಂತ ಚೆನ್ನಾಗಿರತ್ತೋ?' ಎಂದರು.

'ನೀರುನೀರಾಗಿರತ್ತೆ.'

'ಅದಕ್ಕಾ ಎರಡು ವರ್ಷ ಸುಳ್ಳು ಹೇಳಿದ್ದು?'

ವೃಂದಾ ಹುಳಿ ಕಲಸಿದ ಅನ್ನ ತಿಂದಳು. ಉಪ್ಪು ಕಡಿಮೆಯಾಗಿತ್ತು, ರುಚಿ ನೋಡದೆ ಮಾಡಿದ ಅಡುಗೆ. ಅಷ್ಟರಲ್ಲಿ ಎದ್ದು ಬಂದ ವಿಭಾ ಬಾಗಿಲಲ್ಲಿ ನಿಂತು, ಚೌರಿಯಿಲ್ಲದ ಅಜ್ಜಿಯನ್ನೂ ನೆಲದ ಮೇಲೆ ಕೂತು ಉಣ್ಣುವ ಅಮ್ಮನನ್ನೂ ನೋಡಿ, 'ಎನ್ನ ಆಚ್ಚು ಇಂದ ವೀಟುಕ್ಕು' ಎಂದಳು. ಈ ಮನೆಗೆ ಏನಾಗಿದೆ ಎಂದು.

ರಕ್ತಪರೀಕ್ಷೆಯ ಫಲಿತಾಂಶ ಹಿಡಿದು ಮತ್ತೆ ಕ್ಲಿನಿಕ್ಕಿಗೆ ಹೋದ ದಿನ ವೃಂದಾ ಬೈತಲೆಗೆ ಪೆನ್ಸಿಲ್ ಹಚ್ಚಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದ ಹೆಂಗಸರೆಲ್ಲ ತಲೆಯ ಮೇಲೆ ಸೆರಗನ್ನೋ ದುಪಟ್ಟಾವನ್ನೋ ಹೊದ್ದು, ಬೇರೆ ಯಾರದೋ ಕೆಲಸಕ್ಕೆ ಬಂದವರಂತೆ ಗೋಡೆ ನೋಡುತ್ತಿದ್ದರು. ಅವಳು ನಡುವಿನ ಕುರ್ಚಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೇ ಕೂತಳು. ನೋಡುವವರು ನೋಡಲಿ ಎನ್ನುವಷ್ಟು ಧೈರ್ಯವೇನೂ ಅದಲ್ಲ. ಆದರೂ ಏಳಲಿಲ್ಲ.

ಒಳಗೆ ಅವಳು ಮೊದಲು ಹೇಳಿದ್ದು ಅದನ್ನೇ. ಹೋದ ಸಲ ಹೇಳಿದ್ದು ಸುಳ್ಳು, ನಾನು ಉಪವಾಸ ಮಾಡುವುದಿಲ್ಲ, ಕಾಗದದಲ್ಲಿ ಅದನ್ನು ಹೊಡೆದುಹಾಕಿ. ಡಾಕ್ಟರು ನಗಲೂ ಇಲ್ಲ, ಗದರಲೂ ಇಲ್ಲ. ಎರಡು ಗೆರೆಗಳ ಮೇಲೆ ಅಡ್ಡಗೆರೆ ಎಳೆದರು. ಫಲಿತಾಂಶ ನೋಡಿದರು. ಥೈರಾಯ್ಡ್ ಸರಿಯಿದೆ. ರಕ್ತ ಸರಿಯಿದೆ. ಕಬ್ಬಿಣ ಕೊಂಚ ಕಡಿಮೆ, ಆದರೆ ಇಷ್ಟಕ್ಕೆಲ್ಲ ಅದನ್ನು ದೂರುವಷ್ಟಲ್ಲ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಜಯಲಕ್ಷ್ಮಿಯವರು ಕರೆಯದಿದ್ದರೂ ಮುಂದೆ ಬಂದು, ಪಿನ್ನು ತೆಗೆದು ಚೌರಿಯನ್ನು ಕೈಚೀಲಕ್ಕೆ ಹಾಕಿ, 'ನಂದೂ ಕೊಂಚ ಟಿ.ವಿ.ಯಲ್ಲಿ ತೋರಿಸಿ' ಎಂದು ತಮಿಳಿನಲ್ಲಿ ಕೇಳಿ ಕುರ್ಚಿಯಲ್ಲಿ ಕೂತರು. ಕೊಳವೆ ಅವರ ನೆತ್ತಿಗೆ ಹೋಯಿತು. ಡಾಕ್ಟರ ಮುಖ ಅರಳಿತು. ಅಮ್ಮನಿಗೂ ನಡುವಿನಲ್ಲಿ ಹೀಗೇ ಅಗಲವಾಗಿದೆ, ಮುಂದಿನ ಅಂಚು ಹಾಗೇ ಉಳಿದಿದೆ, ಹಾಗಾದರೆ ಇದು ಅಮ್ಮನಿಂದ ಮಗಳಿಗೆ ಬಂದದ್ದು ಎಂದು, ಹೋದ ಸಲದ ಮಾತೆಲ್ಲ ಮರೆತು, ಬರೆಯತೊಡಗಿದರು.

'ಮಗಳಲ್ಲ. ಮಾಟ್ಟುಪೊಣ್ಣು' ಎಂದರು ಜಯಲಕ್ಷ್ಮಿ. ಸೊಸೆ.

ಪೆನ್ನು ನಿಂತಿತು. ಡಾಕ್ಟರು ಆ ಪದವನ್ನೂ ಹೊಡೆದುಹಾಕಬೇಕಾಯಿತು. ಹುಟ್ಟಿನಿಂದ ಬಂದದ್ದು ಇರಬಹುದು, ಯಾರ ಕಡೆಯಿಂದಲೋ, ಮೇ ತಿಂಗಳ ಜ್ವರವೂ ಸೇರಿರಬಹುದು, ವಯಸ್ಸೂ ಇರಬಹುದು, ಎಲ್ಲ ಸ್ವಲ್ಪ ಸ್ವಲ್ಪ ಇರಬಹುದು. ಹಚ್ಚಲು ಒಂದು ಔಷಧಿ ಬರೆದರು, ಆರು ತಿಂಗಳು ಕಾಯಬೇಕೆಂದರು. ಆಮೇಲೆ, ತಾನೇ ತಪ್ಪು ಮಾಡಿದವರಂತೆ, 'ಕಾರಣಂ ಕರೆಕ್ಟಾ ಸೊಲ್ಲ ಮುಡಿಯಾದು ಮಾ' ಎಂದರು. ಸರಿಯಾಗಿ ಹೇಳಲು ಆಗುವುದಿಲ್ಲ ಎಂದು. ಅಷ್ಟನ್ನು ಬಾಯಿಬಿಟ್ಟು ಹೇಳಿದ ಮೊದಲ ವ್ಯಕ್ತಿ ಅವರೇ ಎನಿಸಿ ವೃಂದಾಗೆ ಆ ಹುಡುಗಿಯ ಮೇಲೆ ಗೌರವ ಬಂತು.

ಔಷಧಿಯನ್ನು ಇಬ್ಬರೂ ಹಚ್ಚಿಕೊಳ್ಳುತ್ತಿದ್ದಾರೆ. ಕೂದಲು ಮತ್ತೆ ಬರುತ್ತದೋ ಇಲ್ಲವೋ ತಿಳಿಯದು. ವೃಂದಾಳ ಕೂದಲು ಯಾಕೆ ಉದುರಿತೆಂದು ಯಾರಿಗೂ ಗೊತ್ತಿಲ್ಲ. ಜಯಲಕ್ಷ್ಮಿಯವರದು ಮೂವತ್ತನಾಲ್ಕು ವರ್ಷದ ಹಿಂದೆ ಯಾಕೆ ಉದುರಿತೆಂದೂ ಗೊತ್ತಿಲ್ಲ. ಅವರು ತಿಂದಿರಲಿಲ್ಲ ಎಂಬುದೊಂದು ಗೊತ್ತಿದೆ.